ನೂಲಿನ ಗೋದಾಮಿನ ಗುಪ್ತ ಸಂಘ

ನಮ್ಮ ಓಣಿಯ ಮಲಕಪ್ಪ ಸರ್ಕಾರ ಉರುಳಿಸಲು ಹೊರಟಿದ್ದಾನೆ ಎಂದು ಮೊಟ್ಟಮೊದಲು ಕಂಡುಹಿಡಿದವನು ನಾನು. ಜಂಬಕ್ಕೆ ಹೇಳುತ್ತಿಲ್ಲ. ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ, ಅದಕ್ಕೆ ಹೇಳುತ್ತಿದ್ದೇನೆ. ನಾನು ರಾಚಯ್ಯ, ಇಳಕಲ್ಲಿನಲ್ಲಿ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ಹೋದ ವರ್ಷ ನಿವೃತ್ತನಾದವನು. ಎಲ್ಲಿ ಮೂಗು ತೂರಿಸಬಾರದೋ ಅಲ್ಲೇ ತೂರಿಸುವ ಚಟ ನನಗೆ ಮೊದಲಿನಿಂದಲೂ ಇದೆ. ಹೆಂಡತಿ ಬೈದು ಬೈದು ಬೇಸತ್ತು ಸುಮ್ಮನಾಗಿದ್ದಾಳೆ.

ಮಲಕಪ್ಪ ಹುನಗುಂದದ ಕಡೆಯ ಹಳ್ಳಿಯವನು. ಮನೆದೇವರು ಬೀರಪ್ಪ. ತಂದೆ, ಅಜ್ಜ ಎಲ್ಲರೂ ಕುರಿ ಕಾಯ್ದವರೇ. ಆದರೆ ಮಲಕಪ್ಪನಿಗೆ ಆ ಕೆಲಸ ಒಗ್ಗಲಿಲ್ಲ. ಕುರಿಗಳು ಇವನ ಮಾತು ಕೇಳುತ್ತಿರಲಿಲ್ಲ, ಇವನೇ ಅವುಗಳ ಮಾತು ಕೇಳುತ್ತಿದ್ದ. ಅವು ಹೊರಟ ಕಡೆ ಇವನೂ ಹೊರಡುತ್ತಿದ್ದ. ಒಮ್ಮೆ ಹೀಗೆ ಹಿಂಡಿನ ಹಿಂದೆ ಹೋಗಿ ಮೂರು ದಿನ ಮನೆಗೇ ಬರದಿದ್ದಾಗ ತಂದೆ ಸಿಟ್ಟಿಗೆದ್ದು ಇಳಕಲ್ಲಿಗೆ ಕರೆತಂದು ನೂಲಿನ ಗೋದಾಮಿನಲ್ಲಿ ಕಾವಲಿಗೆ ಹಚ್ಚಿದ. ನೂಲಿನ ಪಿಂಡಿಗಳು ಎಲ್ಲಿಗೂ ಹೊರಡುವುದಿಲ್ಲವಲ್ಲ. ಮಲಕಪ್ಪನಿಗೆ ಅದು ಬಹಳ ಹಿಡಿಸಿತು. ಆಮೇಲೆ ತುಳಸಿಗೇರಿಯ ಹುಚ್ಚವ್ವನನ್ನು ಮದುವೆಯಾದ. ಒಂದರ ಹಿಂದೊಂದು ನಾಲ್ಕು ಹೆಣ್ಣು ಮಕ್ಕಳಾದರು. ತಾಯಿ ರಾಮವ್ವ ಮೊಮ್ಮಗ ಬೇಕೆಂದು ಬೀರಪ್ಪನಿಗೆ ಹರಕೆ ಹೊರುತ್ತಲೇ ಇದ್ದಳು.

ಅವನ ಒಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ಅವನ ಕೊರಳಲ್ಲಿ ಯಾವಾಗಲೂ ಭಂಡಾರದ ಚೀಲ ಜೋತಾಡುತ್ತಿತ್ತು, ಬೀರಪ್ಪನ ಅರಿಸಿನದ ಪುಡಿ ತುಂಬಿದ ಸಣ್ಣ ಚೀಲ. ಅದು ಮೈಮೇಲಿದ್ದಾಗ ಸುಳ್ಳಾಡಬಾರದು ಎಂಬುದು ಅವರ ಮನೆತನದ ಕಟ್ಟಳೆ. ಗೋದಾಮಿನ ಸಾಹುಕಾರರು ಒಳಗೆ ಚಹಾ ಕುಡಿಯುತ್ತ, "ಯಾರರ ಬಂದ್ರ ನಾ ಇಲ್ಲ ಅಂತ ಹೇಳು" ಎಂದರೆ ಮಲಕಪ್ಪ ಚೀಲವನ್ನು ಕೊರಳಿನಿಂದ ತೆಗೆದು ಬಾಗಿಲಿನ ಮೊಳೆಗೆ ತೂಗುಹಾಕಿ, "ಸಾಹುಕಾರ್ರು ಇಲ್ರಿ" ಎಂದು ಹೇಳಿ, ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಬಂದವರು ಚೀಲ ಮೊಳೆಯ ಮೇಲಿದ್ದದ್ದು ನೋಡಿ ಸಾಹುಕಾರರು ಒಳಗೇ ಇದ್ದಾರೆಂದು ತಿಳಿದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು.

ಇಂಥವನ ಮೇಲೆ ನನಗೆ ಸಂಶಯ ಬಂತು. ೧೯೭೬ರ ಮುಂಗಾರು. ಗೋದಾಮು ನಮ್ಮ ಮನೆಯ ಎದುರಿಗೇ ಇದೆ, ರವಿವಾರ ಅದಕ್ಕೆ ರಜೆ. ಒಂದು ರವಿವಾರ ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ನೋಡುತ್ತೇನೆ, ಸೈಕಲ್ ದುರಸ್ತಿ ಮಾಡುವ ಜಲಾಲುದ್ದೀನ ಬಗಲಲ್ಲಿ ಏನೋ ಗಂಟು ಹಿಡಿದುಕೊಂಡು ಬಂದ. ಮಲಕಪ್ಪ ಬಾಗಿಲು ಒಂದು ಗೇಣು ತೆಗೆದು ಒಳಗೆ ಬಿಟ್ಟುಕೊಂಡ. ಐದು ನಿಮಿಷ ಕಳೆದು ನೇಕಾರ ಅಮಾತೆಪ್ಪ ಬಂದ, ಅವನ ಬಗಲಲ್ಲೂ ಗಂಟು. ಮತ್ತೆ ಐದು ನಿಮಿಷಕ್ಕೆ ಕಿರಾಣಿ ಅಂಗಡಿಯ ಹೊಳಬಸಪ್ಪ. ಅವನ ಗಂಟನ್ನಂತೂ ಮೂರು ಟವೆಲಿನಲ್ಲಿ ಸುತ್ತಿತ್ತು. ಬಾಗಿಲು ಮುಚ್ಚಿತು, ಒಳಗಿನ ಅಗಳಿ ಬಿತ್ತು. ಒಬ್ಬ ಕಾವಲುಗಾರ, ಒಬ್ಬ ಸೈಕಲ್ಲಿನವ, ಒಬ್ಬ ನೇಕಾರ, ಒಬ್ಬ ಕಿರಾಣಿಯವ. ಇವರಿಗೆ ಒಬ್ಬರಿಗೊಬ್ಬರ ಸಂಬಂಧವೇನು? ಮುಂದಿನ ರವಿವಾರವೂ ಅದೇ ಹೊತ್ತು, ಅದೇ ನಾಲ್ವರು, ಅದೇ ಗಂಟು.

ಒಮ್ಮೆ ಸಂಶಯ ಹುಟ್ಟಿದರೆ ಹಿಂದಿನದೆಲ್ಲ ನೆನಪಾಗತೊಡಗುತ್ತದೆ. ಕಾರಹುಣ್ಣಿಮೆಯ ಮರುವಾರ ಈ ನಾಲ್ವರೂ ಒಂದೇ ತರಹ ನಡೆಯುತ್ತಿದ್ದರು ಎಂಬುದು ನನಗೆ ಹೊಳೆಯಿತು. ಕಾಲು ಅಗಲಿಸಿ, ಹೆಜ್ಜೆ ಎಣಿಸಿದಂತೆ, ಮೆಲ್ಲಗೆ. ಜಲಾಲುದ್ದೀನನಂತೂ ಎರಡು ವಾರ ಸೈಕಲ್ಲನ್ನು ತಳ್ಳಿಕೊಂಡೇ ಓಡಾಡಿದ್ದ. ಸ್ವಂತ ಸೈಕಲ್ ಅಂಗಡಿ ಇರುವವನು! ಇದು ಸಂಘದವರ ಗುರುತಿನ ನಡಿಗೆ, ಎಲ್ಲಿದ್ದರೂ ಒಬ್ಬರನ್ನೊಬ್ಬರು ಗುರುತಿಸಲು ಮಾಡಿಕೊಂಡ ಉಪಾಯ ಎಂದು ನಾನು ತೀರ್ಮಾನಿಸಿದೆ. ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಹೇಳಿದೆ. ಅವರು ಅದಕ್ಕೆ ಉಪ್ಪು ಖಾರ ಹಚ್ಚಿದರು. ಒಬ್ಬರು ಕಳ್ಳ ನೋಟು ಅಂದರು. ಇನ್ನೊಬ್ಬರು ಬಾದಾಮಿಯ ಗುಡ್ಡದಲ್ಲಿ ನಿಧಿ ಸಿಕ್ಕಿದೆ, ರವಿವಾರಕ್ಕೊಮ್ಮೆ ಹಂಚಿಕೊಳ್ಳುತ್ತಾರೆ ಅಂದರು. ಎಂಟು ದಿನದಲ್ಲಿ ಓಣಿಯ ಹುಡುಗರೆಲ್ಲ ಕಾಲು ಅಗಲಿಸಿ ನಡೆದು "ನಾವೂ ಸಂಘದವ್ರು" ಎಂದು ಆಡತೊಡಗಿದರು.

ನಾನು ಕಿವಿಯಾರೆ ಕೇಳಬೇಕೆಂದು ಒಂದು ರವಿವಾರ ಗೋದಾಮಿನ ಹಿಂದಿನ ಕಿಟಕಿಗೆ ಹೋಗಿ ನಿಂತೆ. ಒಳಗೆ ನೂಲಿನ ಪಿಂಡಿ ಒಟ್ಟಿದ್ದರಿಂದ ಏನೂ ಕಾಣುತ್ತಿರಲಿಲ್ಲ. ಆದರೆ ಕೇಳಿಸಿತು. ನಮ್ಮ ಊರಿನ ಭಾಷೆಯಲ್ಲ, ಪುಸ್ತಕದ ಕನ್ನಡ. "ಎಲ್ಲರೂ ಒಂದೇ ದಿನ, ಒಂದೇ ಸಮಯಕ್ಕೆ ಕೈಜೋಡಿಸಿದರೆ ಮಾತ್ರ ಸಂಪೂರ್ಣ ನಾಶ ಸಾಧ್ಯ. ಗುಂಪಾಗಿರುವಾಗಲೇ ಹಿಡಿಯಬೇಕು. ಸಂಜೆ ಅಲ್ಲಲ್ಲಿ ಬೆಂಕಿ ಹಾಕಬೇಕು." ಮತ್ತೆ, ದೇವರಾಣೆಗೂ, ಆ ಮಾತನ್ನು ನಾಲ್ಕು ದನಿಗಳು ಕೂಡಿಯೇ ಹೇಳುತ್ತಿದ್ದವು, ಒಂದು ದಪ್ಪ, ಒಂದು ಕೀರಲು, ಎರಡು ನಡುವಿನವು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಓಡಿದೆ. ತುರ್ತು ಪರಿಸ್ಥಿತಿಯ ದಿನಗಳು. ಇಬ್ಬರು ನಿಂತು ಮಾತಾಡಿದರೆ ಮೂರನೆಯವನು ಹೆದರುತ್ತಿದ್ದ ಕಾಲ.

ಆಮೇಲೆ ಪೊಲೀಸರಿಗೆ ಹೆಸರಿಲ್ಲದ ಮೂಕರ್ಜಿ ಬರೆದದ್ದು ಹೆದರಿಕೆಯಿಂದಷ್ಟೇ ಎಂದರೆ ಸುಳ್ಳಾಗುತ್ತದೆ. ಸಿಟ್ಟೂ ಇತ್ತು. ಆಗ ಮಾಸ್ತರರೆಲ್ಲ ಕುಟುಂಬ ಯೋಜನೆಯ ಆಪರೇಷನ್ನಿಗೆ ತಲಾ ಇಬ್ಬರನ್ನು ಒಪ್ಪಿಸಿ ಕರೆತರಬೇಕು, ಇಲ್ಲದಿದ್ದರೆ ಪಗಾರ ನಿಲ್ಲುತ್ತದೆ ಎಂದು ಮೇಲಿನಿಂದ ಹುಕುಂ ಬಂದಿತ್ತು. ಕೆಂಪು ತ್ರಿಕೋಣದ ಚೀಟಿಗಳ ಕಟ್ಟು ಹಿಡಿದು ಮನೆಮನೆ ಅಲೆದು ನನ್ನ ಚಪ್ಪಲಿ ಸವೆದಿದ್ದವು. ನನ್ನನ್ನು ಕಂಡರೆ ಗಂಡಸರು ಹಿತ್ತಲ ಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಹೇಗೋ ಒಬ್ಬ ಸಿಕ್ಕಿದ್ದ, ಇನ್ನೊಬ್ಬನಿಗಾಗಿ ಕಡೆಗೆ ಮಲಕಪ್ಪನ ಬಳಿ ಹೋದೆ.

"ನಾಲ್ಕು ಮಕ್ಕಳಾಗ್ಯಾವು. ನೀ ಒಬ್ಬಾಂವ ಹೂಂ ಅಂದ್ರ ನನ್ನ ಪಗಾರ ಉಳೀತೈತೋ ಮಲಕಪ್ಪ" ಎಂದೆ.

ಅವನು ಭಂಡಾರದ ಚೀಲ ಹಿಡಿದುಕೊಂಡು ನೆಲ ನೋಡಿದ. "ಅದು ಇನ್ನ ಆಗೂ ಮಾತಲ್ರಿ ಮಾಸ್ತರ" ಎಂದ.

"ಯಾಕ ಆಗೂದಿಲ್ಲ?"

"ಆಗೂದಿಲ್ರಿ, ಅಷ್ಟ" ಎಂದು ಒಳಗೆ ಹೋಗಿಬಿಟ್ಟ.

ಇವನು ಸರ್ಕಾರದ ವೈರಿಯೇ ಸೈ ಎಂದುಕೊಂಡೆ. ಆದರೂ ತಾಳಿದೆ. ದೀಪಾವಳಿ ಮುಗಿಯಿತು. ರವಿವಾರದ ಕೂಟ ನಿಲ್ಲಲಿಲ್ಲ, ನನಗೆ ಎರಡನೆಯ ಆಳೂ ಸಿಗಲಿಲ್ಲ. ಆಗ ಎಡಗೈಯಿಂದ ಅಕ್ಷರ ಸೊಟ್ಟ ಮಾಡಿ ಫೌಜದಾರರಿಗೆ ಮೂಕರ್ಜಿ ಬರೆದೆ. ಹೆಸರಿಲ್ಲದ ಅರ್ಜಿಯಲ್ಲಿಯೂ ಒಂದು ಕಾಗುಣಿತದ ತಪ್ಪಿರಲಿಲ್ಲ. ಯಾರಾದರೂ ಸ್ವಲ್ಪ ಬುದ್ಧಿ ಓಡಿಸಿದ್ದರೆ ಮಾಸ್ತರನದೇ ಎಂದು ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಈಗ ಒಳಗಿನ ಗುಟ್ಟು ಹೇಳಿಬಿಡುತ್ತೇನೆ. ಇದು ನನಗೆ ತಿಳಿದದ್ದು ಆಮೇಲೆ, ಜಲಾಲುದ್ದೀನನ ಬಾಯಿಂದ.

ನಾಲ್ಕನೆಯ ಹೆರಿಗೆಯಲ್ಲಿ ಹುಚ್ಚವ್ವ ಸಾಯುವಷ್ಟು ಸುಸ್ತಾಗಿದ್ದಳು. ಅದನ್ನು ಬಾಗಿಲ ಹೊರಗೆ ನಿಂತು ಕೇಳಿದ್ದ ಮಲಕಪ್ಪ ಇನ್ನು ಸಾಕು ಎಂದು ಮನಸ್ಸಿನಲ್ಲೇ ನಿರ್ಧರಿಸಿದ. ತಾಯಿಗೆ ಹೇಳುವಂತಿಲ್ಲ, ಆಕೆ ಮೊಮ್ಮಗನಿಗಾಗಿ ಕಾದು ಕೂತಿದ್ದಾಳೆ. ಓಣಿಗೆ ತಿಳಿದರೆ ಗಂಡಸುತನ ಹೋಯಿತೆಂದು ನಗುತ್ತಾರೆ. ಹೆಂಡತಿಗೆ ಹೇಳಲು ನಾಚಿಕೆ. ಆದ್ದರಿಂದ ಬನಶಂಕರಿಗೆ ಹೋಗಿ ಬರುತ್ತೇನೆಂದು ಹೇಳಿ, ಕೊರಳಲ್ಲಿ ಚೀಲವಿದೆ, ಮಾತು ಸುಳ್ಳಾಗಬಾರದೆಂದು ಮೊದಲು ದೇವಿಗೆ ಕೈಮುಗಿದು, ಒಬ್ಬನೇ ಬಾದಾಮಿಯ ಆಪರೇಷನ್ ಕ್ಯಾಂಪಿಗೆ ಹೋದ. ಇಳಕಲ್ಲಿನ ನರಪಿಳ್ಳೆಯೂ ಅಲ್ಲಿ ಇರುವುದಿಲ್ಲ ಎಂಬ ಧೈರ್ಯ. ಸಾಲಿನಲ್ಲಿ ನಿಂತ. ಮುಂದೆ ನಿಂತವನು ತಿರುಗಿದ. ಹೊಳಬಸಪ್ಪ!

"ನೀ ಇಲ್ಲೆಲ್ಲಿ ಬಂದ್ಯೋ?"

"ಬನಶಂಕರಿಗೆ ಬಂದಿದ್ನಿ. ನೀನು?"

"ನಾನೂ ಬನಶಂಕರಿಗೇ."

ಇಬ್ಬರೂ ಆಪರೇಷನ್ ಸಾಲಿನಲ್ಲಿ ನಿಂತು ದೇವಿಯ ಮಹಿಮೆ ಮಾತಾಡುತ್ತಿರುವಾಗ ಹಿಂದಿನಿಂದ ಅಮಾತೆಪ್ಪ ಬಂದು ಸೇರಿದ. ಅವನೂ ಬನಶಂಕರಿಗೇ ಬಂದವನು. ಕೊನೆಗೆ ಜಲಾಲುದ್ದೀನ. ಯಾರಿಗೂ ಕಾಣಬಾರದೆಂದು ಬಾಗಲಕೋಟೆ ಸುತ್ತಿ, ಕುಳಗೇರಿ ಕ್ರಾಸಿನಲ್ಲಿ ಬಸ್ ಬದಲಿಸಿ, ಒಂದು ದಿನ ಹೆಚ್ಚು ಹಾಳು ಮಾಡಿ ಬಂದು ಇವರ ಬೆನ್ನಿಗೇ ನಿಂತಿದ್ದ. ಅವನಿಗೆ ಬನಶಂಕರಿ ಎನ್ನಲೂ ಬಾಯಿ ಬರಲಿಲ್ಲ. "ಟ್ಯೂಬ್ ಮಾರಾಕ ಬಂದೀನಿ" ಎಂದ. ಕೈಯಲ್ಲಿ ಒಂದು ಟ್ಯೂಬೂ ಇರಲಿಲ್ಲ.

ಆಪರೇಷನ್ ಆದಮೇಲೆ ಒಬ್ಬೊಬ್ಬರಿಗೆ ಒಂದೊಂದು ಟ್ರಾನ್ಸಿಸ್ಟರ್ ರೇಡಿಯೋ ಕೊಟ್ಟರು, ಜೊತೆಗೆ ಒಂದು ಅಚ್ಚಾದ ಚೀಟಿ. ನಾಲ್ವರೂ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. ಮಲಕಪ್ಪ ಚೀಲ ಬಿಚ್ಚಿ ಮೂವರ ಅಂಗೈಗೂ ಚಿಟಿಕೆ ಭಂಡಾರ ಹಾಕಿದ. ಈ ಮಾತನ್ನು ಯಾರಿಗೂ ಹೇಳುವುದಿಲ್ಲ ಎಂದು ನಾಲ್ವರೂ ಆಣೆ ಮಾಡಿದರು. ಚೀಟಿಯ ಮೇಲೆ ಕೆಂಪು ತ್ರಿಕೋಣ ಇತ್ತಲ್ಲ, ಅದೇ ಸಾಕ್ಷಿಯಾದೀತು ಎಂದು ಓದದೇ ಹರಿದು ನೀರಿಗೆ ಬಿಟ್ಟರು. ರೇಡಿಯೋದ ಬೆನ್ನ ಮೇಲೂ ತ್ರಿಕೋಣ ಅಚ್ಚಾಗಿತ್ತು. ಅದನ್ನು ಊರಿಗೆ ಬಂದಮೇಲೆ ಜಲಾಲುದ್ದೀನ ತನ್ನ ಅಂಗಡಿಯ ಉಜ್ಜುಕಾಗದದಿಂದ ಕೆರೆದು ತೆಗೆದ. ಕೆಂಪು ಹೋಯಿತು, ಆದರೆ ಕೆರೆದ ಜಾಗ ತ್ರಿಕೋಣವಾಗಿಯೇ ಉಳಿಯಿತು.

ರೇಡಿಯೋವನ್ನು ಮನೆಯಲ್ಲಿ ಹಚ್ಚುವಂತಿರಲಿಲ್ಲ. ಎಲ್ಲಿಂದ ಬಂತು ಎಂದು ಕೇಳಿದರೆ ಏನು ಹೇಳಬೇಕು? ಆಗ ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಮಾಡಿಸಿದರೆ ಹೆಸರು ಬರೆಸಬೇಕು, ಊರಿಗೆ ತಿಳಿಯುತ್ತದೆ. ಎಸೆಯಲು ಮನಸ್ಸಿಲ್ಲ, ಅಷ್ಟು ನೋವುಂಡು ಪಡೆದದ್ದು. ಅದಕ್ಕೇ ರವಿವಾರ ಗೋದಾಮು. ನಾಲ್ವರೂ ತಂತಮ್ಮ ರೇಡಿಯೋ ಮುಂದಿಟ್ಟುಕೊಂಡು ನಾಲ್ಕರಲ್ಲೂ ಧಾರವಾಡ ಆಕಾಶವಾಣಿಯನ್ನೇ ಹಚ್ಚುತ್ತಿದ್ದರು. ಒಂದೇ ಸಾಕಲ್ಲ ಎಂದು ಹೊಳಬಸಪ್ಪ ಒಮ್ಮೆ ಅಂದಿದ್ದಕ್ಕೆ ಅಮಾತೆಪ್ಪ, "ಆಪರೇಷನ್ ಒಬ್ಬಾಂವಗ ಆಗೇತೇನು?" ಎಂದು ಬಾಯಿ ಮುಚ್ಚಿಸಿದನಂತೆ. ಆ ಹೊತ್ತಿಗೆ ರೈತರ ಕಾರ್ಯಕ್ರಮ ಬರುತ್ತಿತ್ತು. ನಾಲ್ವರಲ್ಲಿ ಒಬ್ಬನಿಗೂ ಗೇಣು ಹೊಲ ಇರಲಿಲ್ಲ. ಶೇಂಗಾಕ್ಕೆ ಬೀಳುವ ಕಂಬಳಿಹುಳುವಿನ ಬಗ್ಗೆ ಇಡೀ ಮುಂಗಾರು ಕೇಳಿ ಕೇಳಿ ನಾಲ್ವರೂ ಪಂಡಿತರಾದರು. ನಾನು ಕಿಟಕಿಯಲ್ಲಿ ಕೇಳಿದ್ದು ಆ ಹುಳುವಿನ ಸಂಹಾರವನ್ನೇ. ನಾಲ್ಕು ರೇಡಿಯೋ ಒಂದೇ ಸಲ ಹಚ್ಚಿ ಕೂರುವ ಮಂದಿ ಭೂಮಿಯ ಮೇಲೆ ಇರಬಹುದೆಂದು ಯಾರ ತಲೆಗೆ ಹೊಳೆದೀತು?

ಇಲ್ಲಿಯವರೆಗೆ ಇದು ನಗುವ ಮಾತು. ದೀಪಾವಳಿಯ ದಿನ ರಾಮವ್ವ ಓಣಿ ತುಂಬ ಸಕ್ಕರೆ ಹಂಚಿದಳು. ಹುಚ್ಚವ್ವ ಬಸುರಿ, ಮೂರು ತಿಂಗಳು, ಈ ಸಲ ಬೀರಪ್ಪ ಕಣ್ಣು ತೆಗೆದಿದ್ದಾನೆ ಎಂದಳು. ನಮ್ಮ ಮನೆಗೂ ಸಕ್ಕರೆ ಬಂತು, ನಾನು ತಿಂದೆ.

ಆ ರವಿವಾರವೂ ಗೋದಾಮಿನಲ್ಲಿ ಎಂದಿನಂತೆ ರೇಡಿಯೋ ಹಚ್ಚಿ ಕೂತರಂತೆ. ಮೂವರೂ ಮಲಕಪ್ಪನ ಮುಖ ನೋಡಿದರು, ಮಲಕಪ್ಪ ರೇಡಿಯೋ ನೋಡಿದ. ಆಪರೇಷನ್ ಆದ ಗಂಡಸು, ಬಸುರಿ ಹೆಂಡತಿ. ಏನು ಅರ್ಥ ಮಾಡಬೇಕು? ಹೊಳಬಸಪ್ಪ ಎದ್ದು ತನ್ನ ರೇಡಿಯೋದ ದನಿ ದೊಡ್ಡದು ಮಾಡಿದ. ಉಳಿದ ಇಬ್ಬರೂ ದೊಡ್ಡದು ಮಾಡಿದರು. "ಅವತ್ತ ಅವನ ಮಾರಿ ನೋಡಾಕ ಆಗವಲ್ದಾಗಿತ್ರಿ ಮಾಸ್ತರ" ಎಂದು ಹೇಳುವಾಗ ಜಲಾಲುದ್ದೀನನ ಕಣ್ಣು ತುಂಬಿತ್ತು. ಈ ಮೂವರು ಆಣೆಗೆ ಕಟ್ಟುಬಿದ್ದವರು, ಹೊರಗೆ ಹೇಳುವುದಿಲ್ಲ. ಆದರೆ ಕೂಟದ ಗುಟ್ಟು ರಟ್ಟಾದರೆ ಊರಿಗೆ ಮಲಕಪ್ಪನ ಆಪರೇಷನ್ನೂ ತಿಳಿಯುತ್ತದೆ. ಊರು ಮೊದಲು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ಮಗು ಯಾರದು? ಹುಚ್ಚವ್ವನ ಹೆಸರು ಆ ಗೋದಾಮಿನ ಅಗಳಿಯ ಹಿಂದೆ ಇತ್ತು, ನಾನು ಫೌಜದಾರರನ್ನು ಅಲ್ಲಿಗೇ ಕಳಿಸಿದ್ದೆ.

ಮುಂದಿನ ರವಿವಾರ ಜೀಪು ಬಂತು. ಫೌಜದಾರರು, ಹಿಂದೆ ನಾಲ್ಕು ಪೊಲೀಸರು. ಓಣಿ ಇಡೀ ಮಾಳಿಗೆ ಹತ್ತಿ ನಿಂತಿತು. ಬಾಗಿಲು ಒದ್ದು ತೆಗೆಸಿದಾಗ ಒಳಗೆ ನಾಲ್ವರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಡುವೆ ನಾಲ್ಕು ರೇಡಿಯೋ, ನಾಲ್ಕರಲ್ಲೂ ಒಬ್ಬ ಸಾಹೇಬರು ಹಿಂಗಾರಿ ಜೋಳಕ್ಕೆ ಎಡೆ ಹೊಡೆದು ಕಳೆ ತೆಗೆಯುವ ಕ್ರಮ ಹೇಳುತ್ತಿದ್ದರು. ಫೌಜದಾರರು ಒಂದು ರೇಡಿಯೋ ತಿರುವಿ ನೋಡಿದರು. ಕೆರೆದ ತ್ರಿಕೋಣ. ಎರಡನೆಯದರಲ್ಲೂ, ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ. ಅವರ ಮುಖ ಬಿಳುಪೇರಿತು. "ಇದು ನಿಮ್ಮ ಸಂಘದ ಗುರುತೇನ್ರಲೇ?" ಎಂದರು. ಯಾರೂ ಬಾಯಿ ಬಿಡಲಿಲ್ಲ. ಲೈಸೆನ್ಸ್ ಎಲ್ಲಿ ಎಂದರೆ ಸುಮ್ಮನೆ. ಎಲ್ಲಿಂದ ತಂದಿರಿ ಎಂದರೂ ಸುಮ್ಮನೆ. ಎಲ್ಲರನ್ನೂ ಜೀಪಿಗೆ ಹತ್ತಿಸಿದರು. ಹತ್ತುವಾಗ ನಾಲ್ವರೂ ಸಹಜವಾಗಿಯೇ ನಡೆದದ್ದು ನೋಡಿ ಮಾಳಿಗೆಯ ಮೇಲಿದ್ದ ಹುಡುಗರಿಗೆ ನಿರಾಸೆಯಾಯಿತು.

ತಾಲೂಕಿನ ಠಾಣೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಫೌಜದಾರರು ಒಂದೇ ಮಾತು ಹೇಳಿದರು. ರೇಡಿಯೋ ಎಲ್ಲಿಂದ ಬಂದವು ಎಂದು ಯಾರು ಹೇಳುತ್ತಾರೋ ಅವರು ಮನೆಗೆ, ಉಳಿದವರು ವಿಜಾಪುರದ ಜೇಲಿಗೆ. ಸೋಮವಾರ ಮುಂಜಾನೆಯ ಹೊತ್ತಿಗೆ ಹೊಳಬಸಪ್ಪನ ಧೈರ್ಯ ಕರಗಿತು. ಅಂಗಡಿ ಮುಚ್ಚಿತ್ತು, ಹೆಂಡತಿ ಠಾಣೆಯ ಹೊರಗೆ ಅಳುತ್ತ ಕೂತಿದ್ದಳು. "ಹೇಳಿಬಿಡ್ತೇನ್ರಿ ಸಾಹೇಬ್ರ" ಎಂದು ಎದ್ದು ನಿಂತ.

ಮಲಕಪ್ಪ ಅವನ ಅಂಗಿ ಹಿಡಿದು ಕೂರಿಸಿದ. ಕೊರಳಿನ ಭಂಡಾರದ ಚೀಲ ತೆಗೆದು ಜಲಾಲುದ್ದೀನನ ಕೈಗೆ ಕೊಟ್ಟ. "ಇದನ್ನ ಸ್ವಲ್ಪ ಹಿಡಕೋಪಾ" ಎಂದ. ಮುಂದೆ ಸುಳ್ಳು ಬರುತ್ತದೆಂದು ಜಲಾಲುದ್ದೀನನಿಗೆ ಆಗಲೇ ಗೊತ್ತಾಯಿತು.

"ನಾ ಹೇಳ್ತೇನ್ರಿ. ಇದು ಗುಪ್ತ ಸಂಘ ಐತ್ರಿ. ನಾನ ಅದರ ಮುಖ್ಯಸ್ಥ. ಈ ಮೂವ್ರು ಪಾಪ, ಸುಮ್ನ ರೇಡಿಯೋ ಕೇಳಾಕ ಬಂದವ್ರು."

ಫೌಜದಾರರು ಪೆನ್ನು ತೆಗೆದರು. "ಸಂಘದ ಉದ್ದೇಶ?"

ಇದನ್ನು ಮಲಕಪ್ಪ ಯೋಚಿಸಿರಲಿಲ್ಲ. ಜನ್ಮದಲ್ಲಿ ಸಾಹುಕಾರರು ಇಲ್ಲ ಎಂಬುದೊಂದೇ ಸುಳ್ಳು ಹೇಳಿ ರೂಢಿ. ಅವನಿಗೆ ಲೋಕದಲ್ಲಿ ಗೊತ್ತಿದ್ದದ್ದು ನೂಲು ಮತ್ತು ರೇಡಿಯೋದವರು ಹೇಳಿದ ಹುಳು.

"ಶೇಂಗಾ ಬೆಳಿ ನಾಶ ಮಾಡೂದ್ರಿ."

"ಎಲ್ಲಿಂದು?"

"ಇಡೀ ಜಿಲ್ಲಾದ್ದು."

"ಹ್ಯಾಂಗ ಮಾಡ್ತೀರಿ?"

"ಕಂಬಳಿಹುಳಾ ಸಾಕ್ತೇವ್ರಿ. ದೊಡ್ಡವಾದ ಮ್ಯಾಲ ಹೊಲಕ್ಕ ಬಿಡ್ತೇವು. ಒಂದ ದಿವಸ, ಒಂದ ಹೊತ್ತಿಗೆ."

ಫೌಜದಾರರು ಎರಡು ಪುಟ ಬರೆದರು. ಹುಳು ಎಲ್ಲಿ ಸಾಕುತ್ತೀರಿ, ಏನು ತಿನ್ನಿಸುತ್ತೀರಿ, ಯಾವ ದೇಶದವರು ಕಳಿಸುತ್ತಾರೆ ಎಂದು ಕೇಳಿದರು. ಮಲಕಪ್ಪ ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ ತಿರುವಿ ಹೇಳಿದ. ಮೊಟ್ಟೆ ಆರಿಸಿ ಸುಡಬೇಕು ಎಂದಿದ್ದರೆ ಆರಿಸಿ ಬೆಚ್ಚಗಿಡುತ್ತೇವೆ ಅಂದ. ಮೂವರನ್ನು ಬಿಟ್ಟರು. ಮಲಕಪ್ಪನನ್ನು ಇಟ್ಟುಕೊಂಡರು, ನಾಡಿದ್ದು ವಿಜಾಪುರಕ್ಕೆ ಕಳಿಸುವುದೆಂದು ಕಾಗದ ಸಿದ್ಧವಾಯಿತು. ಸಂಜೆಯೊಳಗೆ ಸುದ್ದಿ ಇಳಕಲ್ಲಿಗೆ ಬಂತು. ಓಣಿಯವರು ಮನೆಯ ಮೂಲೆಮೂಲೆ ಹುಡುಕಿ ಕಂಡ ಹುಳುವನ್ನೆಲ್ಲ ಕೊಂದರು. ನನ್ನನ್ನು ಯಾರೂ ಹೊಗಳುವಂತಿರಲಿಲ್ಲ, ಅರ್ಜಿಗೆ ಹೆಸರಿರಲಿಲ್ಲವಲ್ಲ. ಒಳಗೊಳಗೆ ಖುಷಿಯಾಗಿತ್ತು. ಆ ಖುಷಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮಂಗಳವಾರ ಬೆಳಿಗ್ಗೆ ಹುಚ್ಚವ್ವ ನಮ್ಮ ಮನೆಗೆ ಬಂದಳು. ಸೆರಗು ಹೊದ್ದು ಬಾಗಿಲಿನಲ್ಲೇ ನಿಂತಳು.

"ಮಾಸ್ತರ, ಒಂದು ಅರ್ಜಿ ಬರದು ಕೊಡ್ರಿ. ಅವರನ್ನ ಬಿಡ್ರಿ ಅಂತ."

"ಅವನ ಒಪ್ಪಿಕೊಂಡಾನಲ್ಲವಾ, ಏನಂತ ಬರೀಲಿ?"

"ಅವರು ಸುಳ್ಳ ಹೇಳ್ಯಾರ್ರಿ. ಹುಳಾ ಕಂಡ್ರ ಹಾರಿ ಬೀಳೂ ಮನಶ್ಯಾ." ಓಣಿಯ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದಳು, "ಯಾಕ ಸುಳ್ಳ ಹೇಳ್ಯಾರ ಅಂತ ನನಗ ಗೊತ್ತೈತ್ರಿ. ಬಾದಾಮಿಯಿಂದ ಬಂದ ಮ್ಯಾಲ ಎಂಟು ದಿವಸ ಅವರ ಧೋತರ ಒಗದಾಕಿ ನಾನ. ರಕ್ತ ನೋಡೀನಿ, ಔಷಧದ ವಾಸನಿ ನೋಡೀನಿ. ಆಪರೇಷನ್ ಆಗೈತಂತ ಅವತ್ತ ಗೊತ್ತಾತು. ಅವರು ಹೇಳಲಿಲ್ಲ, ನಾ ಕೇಳಲಿಲ್ಲ. ಆಮ್ಯಾಲ ಹಿಂಗಾತು." ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಆಪರೇಷನ್ ಆದವರ ಹೇಣ್ತಿ ಬಸುರಾಗ್ತಾಳೇನ್ರಿ ಮಾಸ್ತರ? ನೀವು ಓದಿದವ್ರು. ಬೀರಪ್ಪನ ಆಣಿ, ನಾ ಬ್ಯಾರೆ ಗಂಡಸಿನ ಮಾರಿ ಎತ್ತಿ ನೋಡಿಲ್ಲ."

ಕಾಲು ಅಗಲಿಸಿದ ನಡಿಗೆ, ಆಪರೇಷನ್ ಆದವರಿಗೆ ಸರ್ಕಾರ ಕೊಡುವ ರೇಡಿಯೋ, ಅದರ ಬೆನ್ನಿನ ತ್ರಿಕೋಣ, ಇನ್ನು ಆಗುವ ಮಾತಲ್ಲ ಎಂದ ಮಲಕಪ್ಪ, ಎಲ್ಲವೂ ಒಂದೇ ಏಟಿಗೆ ತಲೆಯೊಳಗೆ ಕೂತವು. ಇಡೀ ತಾಲೂಕು ಅಲೆದು ನಾನು ಹುಡುಕುತ್ತಿದ್ದ ಆಳು ಎದುರಿನ ಗೋದಾಮಿನಲ್ಲೇ, ಅದೂ ಆಗಲೇ ಮುಗಿಸಿಕೊಂಡು ಬಂದು ಕೂತಿದ್ದ. ಅವನನ್ನು ನಾನು ಜೇಲಿಗೆ ಹಾಕಿಸಿದ್ದೆ.

ಮೇಜಿನ ಮೇಲೆ ಆ ಚೀಟಿಗಳ ಕಟ್ಟಿತ್ತು. ಐದು ತಿಂಗಳು ಹೊತ್ತು ತಿರುಗಿದ್ದೆ, ಮೇಲಿನ ಸಾಲು ಬಿಟ್ಟು ಕೆಳಗೆ ಒಮ್ಮೆಯೂ ಓದಿರಲಿಲ್ಲ. ಒಂದನ್ನು ತೆಗೆದು ಗಟ್ಟಿಯಾಗಿ ಓದಿದೆ. ಏಳನೆಯ ಸೂಚನೆ: ಶಸ್ತ್ರಚಿಕಿತ್ಸೆಯಾದ ಕೂಡಲೇ ಫಲ ಸಿಗುವುದಿಲ್ಲ, ಮೂರು ತಿಂಗಳವರೆಗೆ ಗರ್ಭ ನಿಲ್ಲುವ ಸಂಭವವಿರುವುದರಿಂದ ಅಲ್ಲಿಯವರೆಗೆ ಎಚ್ಚರಿಕೆ ವಹಿಸಬೇಕು.

"ಇನ್ನೊಮ್ಮಿ ಓದ್ರಿ" ಎಂದಳು ಹುಚ್ಚವ್ವ. ಓದಿದೆ. ಮೂರನೆಯ ಸಲವೂ ಓದಿಸಿದಳು. ಆಮೇಲೆ ಬೆರಳು ಮಡಿಸತೊಡಗಿದಳು. "ಕಾರಹುಣ್ಣಿಮಿ… ನಾಗರ ಪಂಚಮಿ… ಗಣಪ್ಪನ ಹಬ್ಬ…" ಮೂರನೆಯ ಬೆರಳು ಮಡಿಸುವ ಮೊದಲೇ ಕೈ ನಿಂತಿತು. ಗೋಡೆಗೆ ಒರಗಿ ನೆಲಕ್ಕೆ ಕೂತು ಅಳತೊಡಗಿದಳು. ನನ್ನ ಹೆಂಡತಿ ಒಳಗಿನಿಂದ ನೀರು ತಂದು ಕೊಟ್ಟು ನನ್ನ ಕಡೆ ಒಂದು ನೋಟ ನೋಡಿದಳು. ಅವಳಿಗೆ ನನ್ನ ಎಡಗೈ ಅಕ್ಷರದ ಸುದ್ದಿ ಗೊತ್ತಿತ್ತು.

"ನಾ ಈಗ ಹೋಗಿ ಫೌಜದಾರ್ರ ಕಿವ್ಯಾಗ ಹೇಳಿ ಬಿಡಿಸಿಕೊಂಡು ಬರ್ತೇನಿ. ಯಾರಿಗೂ ಗೊತ್ತಾಗೂದಿಲ್ಲ" ಎಂದೆ.

ಹುಚ್ಚವ್ವ ಕಣ್ಣೊರೆಸಿಕೊಂಡು ಎದ್ದಳು. "ಕಿವ್ಯಾಗ ಬ್ಯಾಡ್ರಿ. ಕಿವ್ಯಾಗ ಹೇಳಿ ಹೇಳಿ ಇಷ್ಟಾತು. ಎಲ್ಲಾರೂ ಕೇಳೂಹಂಗ ಓದ್ರಿ. ನಾನೂ ಬರ್ತೇನಿ."

ಠಾಣೆಯಲ್ಲಿ ಆಕೆ ನನ್ನನ್ನು ಅಂಗಳದ ನಡುವೆ ನಿಲ್ಲಿಸಿದಳು. ಪೊಲೀಸರು, ದೂರು ಕೊಡಲು ಬಂದ ಮಂದಿ, ಕಂಬಿಯ ಹಿಂದೆ ಮಲಕಪ್ಪ. ನಾನು ತರಗತಿಯಲ್ಲಿ ಓದುವ ದನಿಯಲ್ಲಿ ಏಳನೆಯ ಸೂಚನೆ ಓದಿದೆ. ನಾಲ್ವರ ಆಪರೇಷನ್, ರೇಡಿಯೋ, ತ್ರಿಕೋಣ, ಎಲ್ಲವನ್ನೂ ಹೇಳಿದೆ. ಮೂಕರ್ಜಿಯೊಂದನ್ನು ಬಿಟ್ಟು. ಮಲಕಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನೋಡಿದರೆ ಇಬ್ಬರು ಪೊಲೀಸರು ಮೆಲ್ಲಗೆ ಬೆರಳು ಮಡಿಸಿ ಎಣಿಸುತ್ತಿದ್ದರು. ಫೌಜದಾರರು ಚೀಟಿ ಇಸಿದುಕೊಂಡು ತಾವೇ ಎರಡು ಸಲ ಓದಿದರು. ಬೆವರು ಒರೆಸಿಕೊಂಡರು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೂರು ತಿಂಗಳಾ ಅಂತ ಖಾತ್ರಿ ಏನ್ರಿ ಮಾಸ್ತರ? ಇನ್ನೊಂದು ಚೀಟಿ ಇದ್ರ ಕೊಡ್ರಿ" ಎಂದರು. ಹುಳುವಿನ ಎರಡು ಪುಟಗಳನ್ನು ಹರಿದು ಹಾಕಿ, ಲೈಸೆನ್ಸ್ ಇಲ್ಲವೆಂಬುದಕ್ಕಷ್ಟೇ ತಾಕೀತು ಮಾಡಿ ಮಲಕಪ್ಪನನ್ನು ಬಿಟ್ಟರು.

ಊರು ಮಾತ್ರ ರೇಡಿಯೋದ ಮಾತು ನಂಬಲಿಲ್ಲ. ಆಪರೇಷನ್, ಚೀಟಿ, ಮೂರು ತಿಂಗಳು, ಎಲ್ಲವನ್ನೂ ಒಪ್ಪಿತು, ಹುಚ್ಚವ್ವನ ಮೇಲೆ ಒಂದು ಮಾತೂ ಬರಲಿಲ್ಲ. ಆದರೆ ನಾಲ್ಕು ಜನ ತಿಂಗಳುಗಟ್ಟಲೆ ಕೂತು ನಾಲ್ಕು ರೇಡಿಯೋದಲ್ಲಿ ಜೋಳದ ಸುದ್ದಿ ಕೇಳುತ್ತಾರೆಂದರೆ ಯಾರು ನಂಬುತ್ತಾರೆ? ನಿಧಿಯನ್ನು ಮುಚ್ಚಿಡಲು ಇವೆಲ್ಲ ನಾಟಕ ಎಂದರು. ಆ ಬೇಸಿಗೆಯಲ್ಲಿ ಐದನೆಯ ಹೆಣ್ಣು ಮಗು ಹುಟ್ಟಿತು. ಬನಶಂಕರಿ ಎಂದು ಹೆಸರಿಟ್ಟರು. ರಾಮವ್ವ ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿದಳು. ಮಲಕಪ್ಪ ಈಗಲೂ ಅದೇ ಗೋದಾಮಿನಲ್ಲಿದ್ದಾನೆ. ಮೊನ್ನೆಯಷ್ಟೇ ಯಾರೋ ಗುದ್ದಲಿ ತಂದು ಗೋದಾಮಿನ ಹಿಂದೆ ಅಗೆದು ಹೋಗಿದ್ದಾರೆ.

ಆದರೆ ನನಗೆ ಹೇಳಬೇಕಾಗಿರುವುದು ಆ ಮಂಗಳವಾರ ಠಾಣೆಯಿಂದ ಬಸ್ಸಿನಲ್ಲಿ ವಾಪಸು ಬರುವಾಗಿನ ಮಾತು. ಅವರಿಬ್ಬರೂ ಮುಂದಿನ ಸೀಟಿನಲ್ಲಿ ಕೂತಿದ್ದರು, ನಾನು ಹಿಂದೆ. ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಕಿವಿ ತೆರೆದಿಟ್ಟಿದ್ದೆ.

"ಒಂದು ಮಾತು ಕೇಳ್ತೇನಿ, ಖರೆ ಹೇಳ್ರಿ" ಎಂದಳು ಹುಚ್ಚವ್ವ. "ನನ್ನ ಮ್ಯಾಲ ಸಂಶಯ ಬಂದಿತ್ತೇನು?"

ಮಲಕಪ್ಪನ ಕೈ ಕೊರಳಿಗೆ ಹೋಯಿತು, ಚೀಲ ಇನ್ನೂ ಜಲಾಲುದ್ದೀನನ ಬಳಿಯೇ ಇತ್ತು. ಆದರೂ ಹೇಳಿದ, "ಒಂದು ದಿವಸ ಬಂದಿತ್ತು. ಅವ್ವ ಸಕ್ರಿ ಹಂಚಿದ ದಿವಸ. ಮರುದಿನ ನೀ ರೊಟ್ಟಿ ಬಡಿಯೂದು ನೋಡಿದ್ನಿ, ಹೋತು."

ಇಲ್ಲ ಅಂದಿದ್ದರೆ ಆಗುತ್ತಿತ್ತಲ್ಲ ಮೂಢ ಎಂದು ಮನಸ್ಸಿನಲ್ಲಿ ಬೈದೆ. ಹುಚ್ಚವ್ವ ಅಳಲಿಲ್ಲ, ಸಿಟ್ಟು ಮಾಡಲಿಲ್ಲ.

"ನನಗೂ ಬಂದಿತ್ತು" ಎಂದಳು.

"ಯಾರ ಮ್ಯಾಲ?"

"ನನ್ನ ಮ್ಯಾಲ. ಎರಡು ತಿಂಗಳ ದಿನಾ ಕೂತು ನೆನಪ ಮಾಡಿಕೊಂಡೆ. ಖರೇನ ಏನರ ಆಗಿತ್ತೇನೋ, ನನಗ ಮರ್ತಿತ್ತೇನೋ ಅಂತ."

ಮಲಕಪ್ಪ ಅವಳ ಕೈಯನ್ನು ತೆಗೆದು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡ. ಬಸ್ಸು ತುಂಬ ಮಂದಿ ನೋಡುತ್ತಿದ್ದರು. ಊರು ಬರುವ ತನಕ ಅವನು ಬಿಡಲಿಲ್ಲ.